ಗದ್ದಿಗಿ ಹೊಲದ ಕಬ್ಜಾ

೨೯ ಡಿಸೆಂಬರ್ ೧೯೪೦, ರವಿವಾರ

ನಿನ್ನೆ ಎಳ್ಳಮಾವಾಸ್ಯೆ. ಹುಲಿಹೈದರ ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಉಂಡು ಬಂತು. ನಾವೂ ಹೋದೆವು. ಆದರೆ ಹೊಲದೊಳಕ್ಕಲ್ಲ, ಬದುವಿನ ತನಕ. ಅವ್ವ ಬುತ್ತಿಯ ಗಂಟು ಬಿಚ್ಚಿ, ಬದುವಿನ ಮೇಲೆ ನಿಂತುಕೊಂಡೇ ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಮುರಿದು ಒಳಗೆ ಎಸೆದಳು. ಅಪ್ಪನನ್ನು ಕೂಡ್ರಿಸಿ ಹೂತ ಗದ್ದಿಗೆಯ ತನಕ ಒಂದು ತುಣುಕೂ ಮುಟ್ಟಲಿಲ್ಲ. ಮುಪ್ಪಿನ ಕೈ, ಎಷ್ಟು ದೂರ ಹೋದೀತು. ಆಚೆ ಜೋಳದ ಸಾಲಿನಲ್ಲಿ ದೊಡ್ಡಬಸಣ್ಣನ ಮನೆಯವರು ಉಣ್ಣುತ್ತ ಕೂತು ನಗುತ್ತಿದ್ದರು. ನಮ್ಮನ್ನು ನೋಡಿ ನಗುತ್ತಿದ್ದರೋ, ಬೇರೆ ಯಾವುದಕ್ಕೋ. ನನ್ನ ಮೈಯಂತೂ ಉರಿದುಹೋಯಿತು.

ಯಾರ ಹೊಲದಲ್ಲಿ ಯಾರು ಉಣ್ಣುತ್ತಿದ್ದಾರೆ! ಅಪ್ಪ ತೀರಿಕೊಂಡಾಗ ನಾನು ಸಣ್ಣವನೆಂದು ಅವ್ವ ಹೊಲವನ್ನು ದೊಡ್ಡಪ್ಪನಿಗೆ ಪಾಲಿಗೆ ಕೊಟ್ಟಳು. ದೊಡ್ಡಪ್ಪ ಇರುವ ತನಕ ಪಾಲು ಬಂತು. ಅವನು ಹೋದ ಮೇಲೆ ಅವನ ಮಗ ದೊಡ್ಡಬಸಣ್ಣ, ‘ಇದು ಮೊದಲಿಂದ ನಮ್ಮದಾ’ ಅಂದ. ಅಂದವನು ಸುಖವಾಗಿ ಬಿತ್ತುತ್ತಿದ್ದಾನೆ. ನಾನು ಗಂಗಾವತಿಯ ಅದಾಲತ್ತಿಗೆ ಅಲೆದು ಅಲೆದು, ಅಂಗಡಿಯ ಅರ್ಧ ಬಾಗಿಲು ಹಾಕಿ, ಕೊನೆಗೂ ಡಿಕ್ರಿ ಪಡೆದೆ. ಹೊಲ ನನ್ನದೆಂದು ಮುನ್ಸಿಫ್ ಸಾಹೇಬರೇ ಬರೆದುಕೊಟ್ಟಿದ್ದಾರೆ. ಇನ್ನು ಅದಾಲತ್ತಿನ ಅಮೀನ ಬಂದು ಹೊಲದ ಕಬ್ಜಾ ಕೊಡಿಸಿದರೆ ಮುಗಿಯಿತು. ಹೊಲ ಕೈಗೆ ಬಂತು ಅಂತಲೇ.

ಬರುವಾಗ ಬಂಡಿಯಲ್ಲಿ ಅವ್ವ ಅಂದಳು: “ಕೊಟ್ರಾ, ನಿಮ್ಮಪ್ಪ ಬಾಜೂಕ ಜಾಗಾ ಇಟ್ಕೊಂಡು ಕುಂತಾನ. ನನ್ನನ್ನ ಅಲ್ಲೇ ಕೂಡ್ರಸಪಾ. ಮತ್ತೇನೂ ಬ್ಯಾಡ ನನಗ.”

“ಕೂಡ್ರಸ್ತೀನವ್ವಾ. ನಮ್ಮ ಹೊಲದಾಗ, ನಮ್ಮ ಹಕ್ಕಿನ ಮ್ಯಾಲೆ ಕೂಡ್ರಸ್ತೀನಿ,” ಅಂದೆ. ಮಾತು ಕೊಟ್ಟಿದ್ದೇನೆ. ಸಿಟ್ಟು ಬಂದಾಗ ಬರೆದರೆ ಇಳಿಯುತ್ತದೆ ಅಂತ ಇದನ್ನು ಬರೆಯತೊಡಗಿದೆ. ಇನ್ನೂ ಇಳಿದಿಲ್ಲ.

೧೬ ಜನವರಿ ೧೯೪೧, ಗುರುವಾರ

ಅಮೀನ ಬಂದ, ನೋಡಿದ, ಹೋದ.

ಜೋಳ ಎದೆಯೆತ್ತರ ನಿಂತಿತ್ತು. ಅಮೀನ ಸಾಹೇಬ ಛತ್ರಿ ಮಡಚಿ ಬದುವಿನ ಮೇಲೆ ಊರಿ, ತೆನೆಯೊಂದನ್ನು ಬಗ್ಗಿಸಿ ಹಾಲುಗಾಳು ಹಿಸುಕಿ ನೋಡಿದ. “ಪೀಕು ನಿಂತೈತ್ರಿ. ಬಿತ್ತಿದವನ ಪೀಕು ಅವಾ ಕೊಯ್ಕೊಬೇಕು. ನಿಂತ ಪೀಕಿನಾಗ ಕಬ್ಜಾ ಕೊಡಾಕ ನನಗ ಹುಕುಂ ಇಲ್ಲ,” ಅಂದ.

“ಬಿತ್ತಿದ್ದು ಕದ್ದ ಹೊಲದಾಗರಿ!” ಅಂತ ಕೂಗಿದೆ.

“ಕದ್ದ ಹೊಲದಾಗ ಬೆಳದ್ರೂ ಜೋಳ ಜೋಳಾನ ಅಲ್ಲೇನ್ರಿ,” ಅಂತ ಅಮೀನ ನಕ್ಕ. ದೊಡ್ಡಬಸಣ್ಣ ದೂರ ನಿಂತಿದ್ದ. ಬಾಯಿ ಬಿಡುವ ಅಗತ್ಯವಾದರೂ ಏನಿತ್ತು ಅವನಿಗೆ?

ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲೇ ಕೂತಿದ್ದಾಳೆ. “ಬಂತೇನಪಾ?” ಅಂದಳು. ಸುಗ್ಗಿ ಆಗಲಿ ಅಂದೆ.

೧೧ ಫೆಬ್ರವರಿ, ಮಂಗಳವಾರ

ಅವ್ವನ ಕಾಲಲ್ಲಿ ಬಾವು ಇಳಿಯುತ್ತಿಲ್ಲ. ಎರಡು ಹೆಜ್ಜೆ ಇಟ್ಟರೆ ಏದುಸಿರು. ನನ್ನ ಹೆಂಡತಿ ಗುರುಲಿಂಗಮ್ಮ ರಾಗಿ ಗಂಜಿ ಕುಡಿಸುತ್ತಾಳೆ. ಅರ್ಧ ಒಳಗೆ, ಅರ್ಧ ಸೆರಗಿನ ಮೇಲೆ. ಕನಕಗಿರಿಯಿಂದ ವೈದ್ಯರನ್ನು ಕರೆಸಿದೆ. ನಾಡಿ ಹಿಡಿದು ನೋಡಿ ಅವರು ನನ್ನ ಮುಖ ನೋಡಲಿಲ್ಲ. ಹೊರಗೆ ಬಂದು, “ಬ್ಯಾಸಗಿ ದಾಟಿಸೂದು ಕಷ್ಟ ಐತಿ,” ಅಂದರು.

ಸಂತೆಯ ದಿನವೆಂದೂ ನೋಡದೆ ಅಂಗಡಿ ಬಿಟ್ಟು ಗಂಗಾವತಿಗೆ ಓಡಿದೆ. ವಕೀಲರ ಮುಂದೆ ಎಲ್ಲಾ ಹೇಳಿಕೊಂಡೆ. ಅವರು ಪಾನ್ ಮಡಚುತ್ತ ಕೇಳಿಸಿಕೊಂಡರು.

“ಸುಗ್ಗಿ ಮುಗೀಲಿ, ಇನ್ನೊಂದು ಹುಕುಂ ತರತೀನಿ. ಅಲ್ಲೀ ತನಕ ಒಂದಾ ಮಾತು ನೆನಪಿಟ್ಕೋರಿ. ಅವನ ಅಪ್ಪಣಿ ತಗೊಂಡು ಆ ಹೊಲದಾಗ ಕಾಲಿಡಬ್ಯಾಡ್ರಿ. ಕಾಲಿಟ್ರೆಂದ್ರ, ಹೊಲ ಅವಂದಾ ಅಂತ ನೀವಾ ಒಪ್ಪಿಕೊಂಡಂಗ. ಕೇಸು ಮಣ್ಣುಪಾಲು.”

ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮರೆಯಬಾರದು.

೧೨ ಮಾರ್ಚ್, ಬುಧವಾರ

ಹಾಳಾಗಿ ಹೋಗಲಿ ಈ ಊರು, ಈ ಕಣ, ಈ ರೀತಿ ರಿವಾಜು!

ಜೋಳ ಕೊಯ್ದಾಯಿತೆಂದು ಸುದ್ದಿ ಬಂದ ಕೂಡಲೇ ಅಮೀನನನ್ನು ಮತ್ತೆ ಕರೆತಂದೆ. ಹೊಲ ಬಯಲಾಗಿತ್ತು. ಆದರೆ ನಡುವೆ ದೊಡ್ಡಬಸಣ್ಣ ಕಣ ಮಾಡಿ, ಸಗಣಿ ಸಾರಿಸಿ, ಮೇಟಿ ನೆಟ್ಟು, ತೆನೆ ಹರವಿದ್ದಾನೆ. ಪಕ್ಕದಲ್ಲಿ ರಾಶಿ. ರಾಶಿಯ ಮೇಲೆ ಸಗಣಿಯ ಬೆನಕ, ತುಂಬೆ ಹೂವು. ಕಬ್ಜಾ ಸಾರಲು ಅಮೀನನ ಹಿಂದೆ ಹಲಗೆ ಹಿಡಿದು ಬಂದಿದ್ದ ತಳವಾರ ಪಕ್ಕೀರಪ್ಪ ಅದನ್ನು ಕಂಡವನೇ ಹಲಗೆಯನ್ನು ಬೆನ್ನಿಗೆ ಸರಿಸಿ ಕೈ ಮುಗಿದ.

“ಬಾರಿಸೋ,” ಅಂದೆ.

“ಕಣದಾಗ ರಾಶಿ ಇರೂ ಮಟಾ ಹಲಗಿ ಬಾರಸಂಗಿಲ್ರೀ ಯಪ್ಪಾ. ಕಣದಾಗ ಯಾರೂ ದನಿ ಏರಸಂಗಿಲ್ಲ. ನಿಮಗ ಗೊತ್ತಿಲ್ಲೇನ್ರಿ?”

ಗೊತ್ತಿದೆ. ರಾಶಿ ಎತ್ತುವ ತನಕ ಕಣದಲ್ಲಿ ಜಗಳವಿಲ್ಲ, ಕೆಟ್ಟ ಮಾತಿಲ್ಲ, ಕೆರ ಮೆಟ್ಟುವುದಿಲ್ಲ. ಹುಟ್ಟಿದಾಗಿನಿಂದ ಗೊತ್ತಿದೆ. ಆದರೆ ಅಮೀನನಿಗೇನಾಗಿತ್ತು ಧಾಡಿ? ಅವನೂ ಬೂಟು ಕಳಚಿ ಹೊರಗಿಟ್ಟ. ಅವನಪ್ಪನೂ ಒಕ್ಕಲಿಗನಂತೆ. ದೊಡ್ಡಬಸಣ್ಣನ ಹೆಂಡತಿ ವಿರೂಪಾಕ್ಷಮ್ಮ ಮೊರದಲ್ಲಿ ಹೊಸ ಜೋಳ ತಂದು ಎಲ್ಲರ ಉಡಿಗೂ ಹಾಕಿದಳು, ಅಮೀನನಿಗೂ. ನನ್ನ ಮುಂದೆಯೂ ಹಿಡಿದಳು. ನಾನು ಕೈ ಹಿಂದೆ ಕಟ್ಟಿಕೊಂಡೆ.

“ರಾಶಿ ಎತ್ತಿದ ಮ್ಯಾಲೆ ಹೇಳಿ ಕಳಸ್ರಿ,” ಅಂತ ಅಮೀನ ಬೂಟು ಮೆಟ್ಟಿಕೊಂಡ.

೨೦ ಮಾರ್ಚ್, ಗುರುವಾರ

ರಾಶಿ ಎತ್ತುತ್ತಿಲ್ಲ. ಬೇಕೆಂದೇ ಎತ್ತುತ್ತಿಲ್ಲ. ಒಂದು ದಿನ ಒಕ್ಕಿದರೆ ಎರಡು ದಿನ ಎತ್ತುಗಳಿಗೆ ವಿಶ್ರಾಂತಿ. ಗಾಳಿಯಿಲ್ಲ, ತೂರಲಾಗದು ಅನ್ನುತ್ತಾನಂತೆ. ನಾನು ದಿನಾ ಊರ ಹೊರಗೆ ನಿಂತು ಧೋತರದ ತುದಿ ಹಿಡಿದು ನೋಡುತ್ತೇನೆ. ಎಂಥಾ ಗಾಳಿ!

ಅವ್ವನಿಗೆ ಅಂದೆ: “ಇನ್ನೊಂದೀಟು ತಡಕೊಳ್ಳವ್ವಾ. ರಾಶಿ ಎತ್ತಿದ ಕೂಡ್ಲೇ ಕಬ್ಜಾ.”

ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. “ನಾ ಸಾಯೂದೂ ಕೋರ್ಟಿನ ತಾರೀಖು ನೋಡಿ ಸಾಯಬೇಕೇನಪಾ?”

ಗುರುಲಿಂಗಮ್ಮ ಅಳುತ್ತ ಒಳಗೆ ಹೋದಳು. ಇದರಲ್ಲಿ ಅಳುವುದೇನಿದೆ? ತಡೆದುಕೋ ಅನ್ನುವುದು ತಪ್ಪೇ?

೨೯ ಮಾರ್ಚ್, ಶನಿವಾರ

ನಿನ್ನೆ ಯುಗಾದಿ. ಬೇವು ಬೆಲ್ಲ ಅವ್ವನ ನಾಲಗೆಗೆ ಮುಟ್ಟಿಸಿದೆವು ಅಷ್ಟೆ.

ಇಂದು ಬೆಳಿಗ್ಗೆ ಪ್ರತಿವಾದಿ ದೊಡ್ಡಬಸಣ್ಣ ಮನೆಗೆ ಬಂದಿದ್ದ. ಹೌದು, ನಮ್ಮ ಮನೆಗೇ. ಅವ್ವನ ಹಾಸಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, “ಚಿಗವ್ವಾ,” ಅಂತ ಅವಳ ಕೈ ಹಿಡಿದುಕೊಂಡ. ಅವಳೂ ಬಿಡಿಸಿಕೊಳ್ಳಲಿಲ್ಲ. ಸಣ್ಣಂದಿನಲ್ಲಿ ಅವನಿಗೂ ಅವಳೇ ಉಣ್ಣಿಸಿದ್ದಂತೆ. ಇರಲಿ.

ಹೊರಗೆ ಬಂದು ನನಗೆ ಅಂದ: “ಕೊಟ್ರಾ, ಹೊಲದ್ದು ಕೋರ್ಟಿನಾಗ ಏನಾಕ್ಕತೋ ಆಗ್ಲಿ. ಹೊಲ ಹ್ವಾದ್ರ ಹೋತು. ಚಿಗವ್ವಂದು ಮಾತ್ರ ಹಂಗ ಬಿಡೂದು ಬ್ಯಾಡ. ಆಕಿ ಹ್ವಾದ್ರ ಚಿಗಪ್ಪನ ಬಾಜೂಕ ಕೂಡ್ರಸೋಣು. ನಾ ಅಡ್ಡ ಬರಾಂಗಿಲ್ಲ.”

ಅಡ್ಡ ಬರುವುದಿಲ್ಲವಂತೆ! ಯಾರ ಹೊಲದಲ್ಲಿ ಯಾರು ಅಡ್ಡ ಬರುವುದು? ವಕೀಲರ ಮಾತು ತಟ್ಟನೆ ನೆನಪಾಯಿತು. ಇವನು ಬಂದದ್ದು ಅವ್ವನ ಮೇಲಿನ ಪ್ರೀತಿಗಲ್ಲ, ನನ್ನ ಬಾಯಿಂದ ‘ಹೂಂ’ ಅನ್ನಿಸಲಿಕ್ಕೆ. ನಾನು ಹೂಂ ಅಂದೆನೆಂದರೆ ನಾಳೆ ಮುನ್ಸಿಫರ ಮುಂದೆ, ‘ನನ್ನ ಅಪ್ಪಣೆ ತಗೊಂಡೇ ಹೂತರು’ ಅನ್ನುತ್ತಾನೆ.

“ನೀ ಹೂಂ ಅನ್ನಾಕ, ಅಡ್ಡ ಬರಾಕ ಹೊಲ ನಿಂದೇನೋ? ನಡಿ ಹೊರಗ!” ಅಂದೆ.

“ಆಕಿ ಮುಖಾ ನೋಡೋ ಒಮ್ಮೆ,” ಅಂದು ಹೋದ.

ಅವ್ವ ಎಲ್ಲಾ ಕೇಳಿಸಿಕೊಂಡಿದ್ದಳು. ಸಂಜೆಯ ತನಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಗುರುಲಿಂಗಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ. ಹೆಂಗಸರಿಗೆ ಕಾನೂನು ತಿಳಿಯುವುದಿಲ್ಲ.

೩ ಏಪ್ರಿಲ್, ಗುರುವಾರ

ರಾಶಿ ಎತ್ತಿದ್ದಾನೆ. ನಾಳೆಯೇ ಗಂಗಾವತಿ. ಅವ್ವನ ಸ್ಥಿತಿ ಯಥಾಪ್ರಕಾರ.

೭ ಏಪ್ರಿಲ್, ಸೋಮವಾರ

ಹುಕುಂ ಆಗಿದೆ, ಆದರೆ ಅಮೀನ ಕುಷ್ಟಗಿಯ ಕಡೆ ಹೋಗಿದ್ದಾನೆ, ಬಂದ ಮೇಲೆ ಅಂದರು. ನಾಲ್ಕು ದಿನ ಅದಾಲತ್ತಿನ ಕಟ್ಟೆ ಕಾದದ್ದಕ್ಕೆ ಇದು ಫಲ. ಹೇಮಗುಡ್ಡ ದಾಟುವಾಗ ಗುಡ್ಡದ ದುರ್ಗವ್ವನಿಗೆ ಕೈ ಮುಗಿದು, ಅಮೀನ ಬರುವ ತನಕ ಅವ್ವನನ್ನು ಕಾಯಿ ತಾಯೇ ಅಂತ ಬೇಡಿಕೊಂಡೆ.

ಮನೆಗೆ ಬಂದರೆ ಹಾಸಿಗೆ ಖಾಲಿ. ಸುತ್ತಿ ಗೋಡೆಗೆ ಒರಗಿಸಿತ್ತು.

“ಯಾವಾಗ?” ಅಂದೆ.

“ಅತ್ತಿ ಜೀವಂತ ಅದಾರ,” ಅಂದಳು ಗುರುಲಿಂಗಮ್ಮ. “ಬಸಣ್ಣಾರ ಮನ್ಯಾಗ ಅದಾರ. ತಾವಾ ಹೇಳಿ ಕಳಿಸಿದ್ರು. ವಿರೂಪಾಕ್ಷಕ್ಕ ಬಂಡಿ ತಂದು, ಹುಲ್ಲು ಹಾಸಿ, ಕರಕೊಂಡು ಹ್ವಾದ್ರು. ಕೊಟ್ರಗ ಕಾನೂನಿಂದ ತ್ರಾಸು, ಆ ಮನ್ಯಾಗ ಸತ್ರ ಅವರಾ ನನ್ನನ್ನ ಹೊಲಕ್ಕ ಒಯ್ತಾರ, ಮಗನ ಮ್ಯಾಲೆ ಮಾತು ಬರೂದಿಲ್ಲ ಅಂದ್ರು.”

“ನೀ ಬಿಟ್ಟೇನು?”

“ಹೂಂ ಬಿಟ್ಟೆ. ಎತ್ತಿ ಬಂಡ್ಯಾಗ ಮಲಗಿಸಿದಾಕಿನೂ ನಾನಾ.”

ಕೈಯಲ್ಲಿದ್ದ ಚೊಂಬನ್ನು ಅಂಗಳಕ್ಕೆ ಬೀಸಿ ಒಗೆದೆ. ನನ್ನ ಅವ್ವ ನನ್ನ ವೈರಿಯ ಮನೆಯಲ್ಲಿ ಸಾಯಲು ಹೋಗಿದ್ದಾಳೆ! ಊರು ಏನಂದೀತು? ಯಾರಿಗಾಗಿ ಇಷ್ಟು ವರ್ಷ ಬಿಸಿಲಲ್ಲಿ ಅಲೆದೆ ನಾನು?

೧೦ ಏಪ್ರಿಲ್, ಗುರುವಾರ

ಅವರ ಮನೆಯ ಮುಂದೆ ಹಾದುಹೋದೆ. ಬಾಗಿಲು ತೆರೆದಿತ್ತು. ಅವ್ವನ ಕೆಮ್ಮು ಕೇಳಿಸಿತು. ನಿಲ್ಲಲಿಲ್ಲ.

ಅಮೀನ ಇನ್ನೂ ಬಂದಿಲ್ಲ.

೧೩ ಏಪ್ರಿಲ್, ರವಿವಾರ

ಬೆಳಗಿನ ಜಾವ ಅವ್ವ ಹೋದಳು. ಪಕ್ಕೀರಪ್ಪ ಬಂದು ಹೇಳಿದ: “ಅವ್ವಾರು ಲಿಂಗದಾಗ ಕೂಡಿದ್ರು. ಗದ್ದಿಗಿ ಹೊಲದಾಗ ಮಾಡ್ತಾರಂತ. ಬಸಣ್ಣಾರು ಹೇಳ್ಯಾರ, ಕೊಟ್ರಪ್ಪ ಬಂದು ಮೊದಲ ಮಣ್ಣು ಹಾಕ್ಲಿ ಅಂತ. ಬರ್ರಿ ಯಪ್ಪಾ.”

ಹೋದೆ. ಬದುವಿನ ತನಕ ಹೋದೆ.

ಕುಣಿ ತೋಡಿ, ಅವ್ವನನ್ನು ಕೂಡ್ರಿಸಿ, ಕೈಯಲ್ಲಿ ಲಿಂಗ ಇಟ್ಟು, ಮೈಗೆಲ್ಲ ವಿಭೂತಿ ಬಳಿದಿದ್ದರು. ಅಪ್ಪನ ಗದ್ದಿಗೆಗೆ ಒಂದು ಮಾರು ದೂರ ಅಷ್ಟೆ. ಮಠದ ಅಯ್ಯನವರು ಕೈ ಬೀಸಿ ಕರೆದರು. ದೊಡ್ಡಬಸಣ್ಣ ಬದುವಿನ ಹತ್ತಿರ ಬಂದು, “ಬಾರೋ, ಬಾರೋ ಕೊಟ್ರಾ,” ಅಂದ. ಅವನ ಕಣ್ಣಲ್ಲಿ ನೀರಿತ್ತು. ಅವನು ಕರೆಯದೇ ಇದ್ದಿದ್ದರೆ ಹೋಗಿಬಿಡುತ್ತಿದ್ದೆನೇನೋ. ಅವನು ಕರೆದ ಮೇಲೆ ಹೋದರೆ ಅದು ಅಪ್ಪಣೆ. ಊರೆಲ್ಲ ಸಾಕ್ಷಿ.

ನಾನು ಬದುವಿನ ಮೇಲೆ ನಿಂತೆ. ಗುರುಲಿಂಗಮ್ಮ ನನ್ನನ್ನು ದಾಟಿ ಹೋಗಿ ಮೂರು ಹಿಡಿ ಹಾಕಿದಳು. ಊರೆಲ್ಲ ಹಾಕಿತು. ಅವ್ವನ ತಲೆ ಮುಚ್ಚುವ ತನಕ ನೋಡಿದೆ.

೧೪ ಏಪ್ರಿಲ್, ಸೋಮವಾರ

ಅಂಗಡಿ ತೆರೆದೆ. ಯಾರೂ ಬರಲಿಲ್ಲ.

೨೧ ಏಪ್ರಿಲ್, ಸೋಮವಾರ

ಅಮೀನ ಗಂಗಾವತಿಗೆ ಬಂದಿದ್ದಾನೆಂದು ತಿಳಿದು ಹೋದೆ. ತಾರೀಖು ಗೊತ್ತಾಯಿತು: ಗುರುವಾರ. ಹೊರಡುವಾಗ ವಕೀಲರು ಅವ್ವನ ವಿಷಯ ಕೇಳಿ ನಿಟ್ಟುಸಿರು ಬಿಟ್ಟರು. “ಎಲ್ಲಾ ಛಲೋತ್ನಂಗ ಆತಲ್ಲ? ಅವರ ಇಚ್ಛಾ ಇದ್ದಲ್ಲೇ ಆತಲ್ಲ?”

ಆಯಿತು, ನಾನು ಮಾತ್ರ ನೀವು ಹೇಳಿದಂತೆ ಒಳಗೆ ಕಾಲಿಡಲಿಲ್ಲ ಅಂದೆ. ಶಾಭಾಸ್ ಅನ್ನುತ್ತಾರೆಂದುಕೊಂಡಿದ್ದೆ.

ಅವರು ಪಾನ್ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. “ಯಾಕ್ರಿ? ನಾ ಹೇಳಿದ್ದು ಬಿತ್ತೂದಕ್ಕ, ಪಾಲಿಗೆ ಮಾಡೂದಕ್ಕ. ಹಡದ ತಾಯಿಗೆ ಮಣ್ಣು ಹಾಕಿದ್ರ ಯಾವ ಮುನ್ಸಿಫ್ ಏನಂತಾನ್ರಿ? ಅಯ್ಯ ನನ್ನ ಖುದಾ!”

ಬಂಡಿ ತಪ್ಪುತ್ತದೆಂದು ಲಗುಬಗೆಯಿಂದ ಎದ್ದು ಬಂದೆ. ದಾರಿಯುದ್ದಕ್ಕೂ ಗುರುವಾರ ಏನೇನು ಬೇಕು ಅಂತ ನೆನಪು ಮಾಡಿಕೊಳ್ಳುತ್ತಿದ್ದೆ. ಪಕ್ಕೀರಪ್ಪನಿಗೆ ಹೇಳಬೇಕು. ಹಲಗೆ. ಪಂಚರು. ತೆಂಗಿನಕಾಯಿ. ಮತ್ತೆ ಏನೋ ಇತ್ತು, ನೆನಪಾಗಲಿಲ್ಲ.

೨೪ ಏಪ್ರಿಲ್, ಗುರುವಾರ

ಕಬ್ಜಾ ಆಯಿತು.

ಕ್ರಮವಾಗಿ ಬರೆಯುತ್ತೇನೆ. ಬಿಸಿಲೇರುವ ಹೊತ್ತಿಗೆ ಅಮೀನ ಬಂದ. ಹೊಲ ಬಯಲು. ಪೀಕಿಲ್ಲ, ಕಣವಿಲ್ಲ. ದೊಡ್ಡಬಸಣ್ಣ ಬರಲಿಲ್ಲ, ತಕರಾರಿಲ್ಲ ಅಂತ ಹೇಳಿ ಕಳಿಸಿದ್ದ. ಪಕ್ಕೀರಪ್ಪ ನಾಲ್ಕೂ ಬದು ಸುತ್ತಿ ಹಲಗೆ ಬಾರಿಸಿ, ಇಂದಿನಿಂದ ಈ ಹೊಲ ಕೊಟ್ರಬಸಪ್ಪನದೆಂದು ಸಾರಿದ. ಕೇಳಲು ಪಂಚರನ್ನು ಬಿಟ್ಟರೆ ಯಾರೂ ಇರಲಿಲ್ಲ. ಇನ್ನು ಉಳಿದದ್ದು ಒಂದೇ. ಅಮೀನ ಹೊಲದ ಮಣ್ಣನ್ನು ಒಂದು ಹಿಡಿ ತೆಗೆದು ಗೆದ್ದವನ ಕೈಗೆ ಕೊಡಬೇಕು. ಅದೇ ಕಬ್ಜಾ.

ಪಕ್ಕೀರಪ್ಪ ಸಲಿಕೆ ಹಾಕಿದ. ಎರೆಮಣ್ಣು ಬಿರಿದು ಕಲ್ಲಾಗಿದೆ. ಸಲಿಕೆ ಠಣ್ಣೆಂದು ಜಿಗಿಯಿತು. ಮತ್ತೊಂದು ಕಡೆ ಹಾಕಿದ, ಹೆಂಟೆ ಎದ್ದಿತು, ಹಿಡಿಯಲ್ಲಿ ಹಿಡಿಯಲಾಗದ್ದು. ಅಮೀನ ಬೆವರು ಒರೆಸಿಕೊಳ್ಳುತ್ತ ಸುತ್ತ ನೋಡಿದ.

“ಅಲ್ಲಿ ನೋಡೋ, ಮೆತ್ತಗೈತಿ. ಅಲ್ಲಿಂದ ತಾ.”

ಪಕ್ಕೀರಪ್ಪ ಅಲ್ಲಾಡಲಿಲ್ಲ. ನನ್ನ ಮುಖ ನೋಡಿದ. ಅಮೀನ ಪರವೂರವನು, ಅವನಿಗೆ ಗೊತ್ತಿಲ್ಲ. ಅದೇನೆಂದು ನಾನು ಹೇಳಬೇಕಾಗಿತ್ತು. ಹೇಳಿದರೆ, ಯಾರು ಹೂತರು, ಯಾವಾಗ, ಯಾರನ್ನು ಕೇಳಿ ಅನ್ನುತ್ತಾನೆ. ಮತ್ತೆ ಛತ್ರಿ ಬಿಚ್ಚಿ ಹೊರಟುಬಿಡುತ್ತಾನೆ. ಮೂರನೆಯ ಸಲ. ನಾನು ಸುಮ್ಮನಿದ್ದೆ.

ಪಕ್ಕೀರಪ್ಪ ಹೋಗಿ, ಸಲಿಕೆ ಕೆಳಗಿಟ್ಟು, ಮಂಡಿಯೂರಿ ಕೈಯಿಂದಲೇ ತೆಗೆದ. ಅಮೀನ ಅದನ್ನು ನನ್ನ ಬೊಗಸೆಗೆ ಹಾಕಿ, “ತಗೋರಿ, ನಿಮ್ಮ ಹೊಲ,” ಅಂದ. ಮಣ್ಣಿನಲ್ಲಿ ವಿಭೂತಿಯ ಪುಡಿ ಬಿಳಿಯಾಗಿ ಸೇರಿತ್ತು. ಎಲ್ಲರೂ ಹೋದರು.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಚೆಲ್ಲಲು ಆಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ. ಆಗ ಬದುವಿನ ಆಚೆ ವಿರೂಪಾಕ್ಷಮ್ಮ ವೈನಿ ಬಂದು ನಿಂತರು. ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು. ಇಂದು ಅವ್ವನ ದಿವಸ, ಗದ್ದಿಗೆಗೆ ಎಡೆ ಇಡುವ ದಿನ. ನಾನು ಮರೆತಿದ್ದೆ. ಬಂಡಿಯಲ್ಲಿ ನೆನಪಾಗದೆ ಹೋದದ್ದು ಅದೇ.

“ಕೊಟ್ರಪ್ಪಾ, ಹಲಗಿ ಸದ್ದು ಕೇಳಿದ್ವಿ. ಹೊಲ ಈಗ ನಿಂದು,” ಅಂದರು ವೈನಿ. “ಚಿಗವ್ವಗ ಎಡಿ ತಂದೀನಿ. ಒಳಗ ಬರ್ಲೇನು?”

ಬರ್ರಿ ಅನ್ನಬೇಕು. ಅದೆಷ್ಟರ ಮಾತು! ತುಟಿ ಅಲ್ಲಾಡಿತೇ ಹೊರತು ದನಿ ಬರಲಿಲ್ಲ. ನಾನು ಬೇಡ ಅನ್ನುತ್ತಿದ್ದೇನೆಂದು ತಿಳಿದರು ಅವರು. ತಾಟನ್ನು ಬದುವಿನ ಮೇಲಿಟ್ಟು, ಅಲ್ಲಿಂದಲೇ ಅವ್ವನಿಗೆ ಕೈ ಮುಗಿದು, ಹಿಂತಿರುಗಿ ಹೋದರು. ಕೂಗಿ ಕರೆಯಬೇಕೆಂದುಕೊಂಡೆ. ಅವರು ಹುಣಸೆ ಮರ ದಾಟಿದ ಮೇಲೆ ನನ್ನ ಬಾಯಿಂದ “ವೈನೀ” ಅಂತ ಬಂತು. ಯಾರಿಗೆ ಕೇಳಬೇಕು ಅದು.

ಹಿಡಿಯಲ್ಲಿದ್ದ ಮಣ್ಣನ್ನು ಅವ್ವನ ಮೇಲೆ ಹಾಕಿದೆ. ಬೇರೆಯವರೆಲ್ಲ ಹಾಕಿದ ಮಣ್ಣಿನೊಳಗೆ ಅದು ಕಲೆತುಹೋಯಿತು, ನನ್ನದು ಯಾವುದೆಂದು ತಿಳಿಯಲಿಲ್ಲ. ಬದುವಿಗೆ ಹೋಗಿ ತಾಟು ತಂದು ಬಟ್ಟೆ ತೆಗೆದೆ. ಸಜ್ಜೆ ರೊಟ್ಟಿ, ಪುಂಡಿಪಲ್ಲೆ. ಅವ್ವನ ಮುಂದೆ ಇಟ್ಟು ಕೂತೆ. ಅವ್ವಾ, ಉಣ್ಣು ಅಂದೆ. ನನ್ನ ಹೊಲದಲ್ಲಿ ಕೂತು ಅತ್ತೆ, ಬೇಡವೆನ್ನುವವರು ಯಾರೂ ಇರಲಿಲ್ಲ.